ಹಲಗೆಯ ಮೇಲಂಚು

ನನಗೆ ಬಾಸ್ಕೆಟ್‌ಬಾಲ್ ಆಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಕೊಡಗಿನ ಪಾಲಿಬೆಟ್ಟದ ಸುತ್ತಮುತ್ತ ಈ ಆಟದ ವಿಷಯದಲ್ಲಿ ನನ್ನನ್ನು ದೊಡ್ಡ ಪಂಡಿತನೆಂದು ತಿಳಿದವರು ಇನ್ನೂ ಕೆಲವರಿದ್ದಾರೆ. ಚೆಂಡನ್ನು ನೆಲಕ್ಕೆ ಬಡಿಯುತ್ತ ನಾನು ನಾಲ್ಕು ಹೆಜ್ಜೆ ಓಡಿದರೆ ಐದನೆಯ ಹೆಜ್ಜೆಗೆ ಚೆಂಡು ಒಂದು ಕಡೆ, ಕನ್ನಡಕ ಒಂದು ಕಡೆ, ನಾನು ಇನ್ನೊಂದು ಕಡೆ. ಆದರೂ ಮೂರು ವರ್ಷದಿಂದ ಇಲ್ಲಿ ನಡೆದ ಪ್ರತಿ ಪಂದ್ಯಕ್ಕೂ ರೆಫರಿ ನಾನೇ. ಊರಿನಲ್ಲಿ ನಿಯಮದ ಪುಸ್ತಕ ಇದ್ದದ್ದು ಒಂದೇ, ಅದೂ ಇಂಗ್ಲಿಷಿನಲ್ಲಿತ್ತು, ಅದನ್ನು ಕೊನೆಯ ಪುಟದವರೆಗೆ ಓದುವ ತಾಳ್ಮೆ ಇದ್ದವನು ನಾನೊಬ್ಬನೇ. ಸ್ಕೌಟಿನ ಕಾಲದ ಸೀಟಿಯೊಂದು ನನ್ನ ಪೆಟ್ಟಿಗೆಯಲ್ಲಿತ್ತು. ಪುಸ್ತಕವೂ ಸೀಟಿಯೂ ಒಬ್ಬನ ಜೇಬಿನಲ್ಲೇ ಇದ್ದರೆ ಅವನು ನ್ಯಾಯಾಧೀಶನಾಗಲು ಇನ್ನೇನು ಬೇಕು ಹೇಳಿ.

ಪುಸ್ತಕ ತಂದುಕೊಟ್ಟವನು ಕುಶಾಲಪ್ಪ. ಅವನು ಇಲ್ಲಿನ ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತ. ಮಡಿಕೇರಿಯಿಂದ ಪಡುವಣಕ್ಕೆ, ಅರೆಭಾಷೆ ಆಡುವ ಗೌಡರ ಮನೆಯವನು. ನಾನು ಕುಶಾಲನಗರದ ಹತ್ತಿರದವನು. ನಮ್ಮ ತಂದೆ ಹಾಸನದ ಕಡೆಯಿಂದ ಬಂದು ಅಲ್ಲಿ ಗದ್ದೆ ಮಾಡಿದರು. ಪಾಲಿಬೆಟ್ಟದ ಶಾಲೆಗೆ ಮಾಸ್ತರನಾಗಿ ಬಂದ ಮೊದಲ ವಾರ ನನಗೆ ಮಾತನಾಡಲು ಒಬ್ಬರೂ ಸಿಗದೆ ಹೋಟೆಲಿನ ಗೋಡೆಯ ಕ್ಯಾಲೆಂಡರನ್ನೇ ಓದುತ್ತ ಕುಳಿತಿರುತ್ತಿದ್ದೆ. ಅದನ್ನು ಕಂಡು ಅವನು ಎದುರಿನ ಬೆಂಚಿಗೆ ಬಂದು ಕುಳಿತ. "ಮಾಸ್ಟ್ರೇ, ನಿಮಗೆ ಓದೋ ಚಟ ಉಟ್ಟಲ್ಲ, ಇದೊಂದು ಓದಿ ನಮಗೆ ಎಂತ ಅಂತ ಹೇಳಿ" ಎಂದು ಪುಸ್ತಕ ಮುಂದಿಟ್ಟ. ಅವರ ಮಾತಿನಲ್ಲಿ 'ಉಟ್ಟು' ಎಂದರೆ ಇದೆ, 'ಇಲ್ಲೆ' ಎಂದರೆ ಇಲ್ಲ. ನಾನು ಕಲಿತ ಅರೆಭಾಷೆ ಬಹುಪಾಲು ಆ ಎರಡು ಮಾತಿನಲ್ಲೇ ನಿಂತಿದೆ.

ಸೈನ್ಯದಲ್ಲಿದ್ದು ಬಂದ ಯಾರೋ ಈ ಆಟವನ್ನು ಅವನಿಗೆ ಕಲಿಸಿದ್ದರಂತೆ. ಎಸ್ಟೇಟಿನ ಕಾಫಿ ಕಣವೇ ನಮ್ಮ ಅಂಗಳ. ಡಿಸೆಂಬರಿನಿಂದ ಮಾರ್ಚಿನವರೆಗೆ ಅಲ್ಲಿ ಕಾಫಿ ಹಣ್ಣು ಒಣಗುತ್ತದೆ, ಆಮೇಲೆ ಕಣ ಖಾಲಿ. ಆದ್ದರಿಂದ ನಮ್ಮ ಆಟದ ಪಂಚಾಂಗ ಬರೆಯುತ್ತಿದ್ದದ್ದು ಕಾಫಿ ಗಿಡ. ಪಿಕಿಂಗ್, ಅಂದರೆ ಹಣ್ಣು ಕುಯ್ಯುವ ಕೆಲಸ, ಶುರುವಾಗುವ ಮುಂಚೆ ಆಚಾರಿ ಬಂದು ಚೆಂಡು ಬೀಳುವ ಎರಡು ಕಡೆಯ ಕಬ್ಬಿಣದ ಬಳೆಗಳನ್ನು ಬಿಚ್ಚಿ ಸ್ಟೋರಿನಲ್ಲಿಡುತ್ತಿದ್ದ. ಬಳೆ ಕಂಡರೆ ಹುಡುಗರು ಚೆಂಡು ಎಸೆಯದೆ ಬಿಡುವುದಿಲ್ಲ, ಚೆಂಡು ಬಿದ್ದರೆ ಕಾಫಿ ಚೆಲ್ಲುತ್ತದೆ. ಕಾಫಿ ಮೂಟೆ ಸೇರಿದ ಮೇಲೆ ಬಳೆ ಮತ್ತೆ ಹಲಗೆಗೆ ಏರುತ್ತಿತ್ತು. ಹಲಗೆ ಮತ್ತು ಕಂಬಗಳು ಮಾತ್ರ ವರ್ಷವಿಡೀ ಅಲ್ಲೇ ನಿಂತಿರುತ್ತಿದ್ದವು.

ಆ ಹಲಗೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಪುಸ್ತಕದಲ್ಲಿ ಹಲಗೆಯ ಉದ್ದಗಲವೂ ಇತ್ತು, ದಪ್ಪವೂ ಇತ್ತು. ನಾನು ಮೂರನ್ನೂ ಚೀಟಿಯಲ್ಲಿ ಬರೆದು ತಿತಿಮತಿಗೆ ಕಳಿಸಿದೆ. ಅಲ್ಲಿ ಮರ ಕೊಯ್ಯುವವರು ಉದ್ದ ಒಪ್ಪಿದರು, ಅಗಲ ಒಪ್ಪಿದರು, ದಪ್ಪ ನೋಡಿ ನಕ್ಕರಂತೆ. ಕಾಡಿನ ಪಕ್ಕದಲ್ಲೇ ಇರುವವರು ಅಷ್ಟು ತೆಳ್ಳಗಿನ ಹಲಗೆ ಕಳಿಸಿದರೆ ನೋಡಿದವರು ಏನೆಂದುಕೊಂಡಾರು ಎಂದು ಅವರಿಗೆ ಚಿಂತೆ. ಬಂದ ಹಲಗೆಗಳು ಅಂಗೈಯಗಲ ದಪ್ಪ ಇದ್ದವು. ಅವನ್ನು ಇಳಿಸಲು ಎಂಟು ಜನ ಬೇಕಾಯಿತು. ಹಲಗೆ ಕೂಡಿಸಿ ನಿಲ್ಲಿಸಿದವನು ಗೋವಿಂದ ಆಚಾರಿ. ಅವನೂ ತಿತಿಮತಿಯವನೇ, ಮನೆಮಾತು ಮಲಯಾಳ. ಹಲಗೆಯ ಹಿಂದೆ ಎರಡು ಕಂಬ ನೆಟ್ಟು, ಹಲಗೆಗಿಂತ ಒಂದು ಗೇಣು ಮೇಲಕ್ಕೆ ಅವುಗಳ ತಲೆ ಎದ್ದಿದ್ದರೂ ಕತ್ತರಿಸದೆ ಬಿಟ್ಟ. "ನಿಂತ ಕಂಬದ ತಲೆ ತೆಗೆಯೋದು ಎಂತಕೆ ಸಾರ್, ಅದು ಯಾರಿಗೆ ಎಂತ ಮಾಡ್ತು?" ಎಂದು ಕೇಳಿದ. ಅದು ಯಾರಿಗೆ ಏನು ಮಾಡೀತು ಎಂಬುದು ಆಗ ನನಗೂ ತಿಳಿದಿರಲಿಲ್ಲ.

ಹೀಗೆ ನಮ್ಮ ಹಲಗೆಗೆ ಬೇರೆಲ್ಲೂ ಇಲ್ಲದ ಒಂದು ಅಂಗ ಬಂತು, ಮೇಲಂಚು. ಇತರ ಕಡೆ ಹಲಗೆಯ ಅಂಚೆಂದರೆ ಒಂದು ಗೆರೆ. ನಮ್ಮದು ಒಂದು ಅಟ್ಟಣೆ. ಎತ್ತರದಿಂದ ಬಂದ ಚೆಂಡು ಒಮ್ಮೊಮ್ಮೆ ಆ ಅಂಚಿನ ಮೇಲೆ ಇಳಿದು, ಎರಡು ಕಂಬಗಳ ತಲೆಗೆ ಒರಗಿ, ಅಲ್ಲಿಯೇ ಕುಳಿತುಬಿಡುತ್ತಿತ್ತು. ಹತ್ತು ಜನ ಆಟಗಾರರು ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡುವರು. ಚೆಂಡು ಕೆಳಗೆ ನೋಡುತ್ತಿರುವುದು. ಆಮೇಲೆ ಮೆಣಸು ಕುಯ್ಯುವ ಏಣಿ ಹುಡುಕಿ ತಂದು, ಯಾರಾದರೂ ಹತ್ತಿ, ಅದನ್ನು ಇಳಿಸಬೇಕು. ಅಷ್ಟರಲ್ಲಿ ನೋಡಲು ಬಂದವರು ಒಂದು ಸುತ್ತು ಎಲೆಯಡಿಕೆ ಮುಗಿಸಿರುತ್ತಿದ್ದರು.

ಇನ್ನು ನಿಯಮಕ್ಕೆ ಬರೋಣ. ಆ ಪುಸ್ತಕ ಚೆಂಡನ್ನು ಒಂದು ಪ್ರಾಣಿ ಎಂದೇ ತಿಳಿದಿದೆ. ಅದಕ್ಕೆ ಜೀವ ಬರುತ್ತದೆ, ಅದು ಸಾಯುತ್ತದೆ. ಹಲಗೆಯ ಮುಖಕ್ಕೆ ತಾಗಿದ ಚೆಂಡಿಗೆ ಜೀವ ಇದೆ. ನಾಲ್ಕು ಅಂಚುಗಳಲ್ಲಿ ಯಾವುದಕ್ಕೆ ತಾಗಿದರೂ ಜೀವ ಇದೆ. ಹಲಗೆಯ ಬೆನ್ನಿಗೆ ತಾಗಿದರೆ ಸತ್ತಿತು. ಹಲಗೆಯನ್ನು ಹೊತ್ತ ಕಂಬಕ್ಕೆ ತಾಗಿದರೂ ಸತ್ತಿತು, ಆಮೇಲೆ ಅದು ಬಳೆಯೊಳಗೆ ಬಿದ್ದರೂ ಲೆಕ್ಕವಿಲ್ಲ. ಎಲ್ಲಿಯಾದರೂ ಸಿಕ್ಕಿಕೊಂಡು ಕುಳಿತರೆ ಎರಡು ಪಕ್ಷದಿಂದ ಒಬ್ಬೊಬ್ಬರನ್ನು ಎದುರುಬದುರು ನಿಲ್ಲಿಸಿ, ನಡುವೆ ರೆಫರಿ ಚೆಂಡನ್ನು ಮೇಲಕ್ಕೆಸೆಯಬೇಕು, ನೆಗೆದು ತಟ್ಟಿದವರಿಗೆ ಚೆಂಡು. ಚೆಂಡು ಯಾರ ಕೈಯಿಂದ ಹೊರಗೆ ಹೋಯಿತೆಂದು ರೆಫರಿಗೇ ಅನುಮಾನವಿದ್ದರೂ ಹಾಗೆಯೇ ಎಸೆಯಬೇಕೆಂದು ಅದೇ ಪುಟದ ಕೆಳಗೆ ಒಂದು ಸಾಲಿದೆ. ಆ ಸಾಲನ್ನು ನಾನು ಓದಿದ್ದೆ. ಆದರೆ ಶಾಲೆಯಲ್ಲಿ ಹಗಲೆಲ್ಲ ಉತ್ತರ ಹೇಳಿ ಸಂಜೆ ಕಣಕ್ಕೆ ಬಂದು ಅನುಮಾನ ಪಡುವುದು ಮಾಸ್ತರನಾದವನಿಗೆ ಶೋಭಿಸುವ ಕೆಲಸವಲ್ಲ ಎಂದುಕೊಂಡು ಮೂರು ವರ್ಷದಲ್ಲಿ ಒಂದು ಸಲವೂ ಅದನ್ನು ಬಳಸಲಿಲ್ಲ.

ಅದೇ ಪುಸ್ತಕದ ಮುನ್ನುಡಿಯಲ್ಲಿ ಇನ್ನೊಂದು ಸಂಗತಿ ಓದಿದ್ದೇನೆ. ಆಟ ಹುಟ್ಟಿದ ಕಾಲದಲ್ಲಿ ಹಲಗೆಯೇ ಇರಲಿಲ್ಲವಂತೆ. ಬುಟ್ಟಿಯನ್ನು ಮಹಡಿಯ ಕಟಕಟೆಗೆ ಕಟ್ಟುತ್ತಿದ್ದರು. ಮಹಡಿಯಲ್ಲಿ ಕುಳಿತು ನೋಡುವವರು ತಮ್ಮವರ ಚೆಂಡಾದರೆ ಒಳಕ್ಕೆ ತಳ್ಳುವುದು, ಎದುರಿನವರ ಚೆಂಡಾದರೆ ಆಚೆಗೆ ನೂಕುವುದು ಮಾಡಿದ್ದರಿಂದ, ಆ ಕೈಗಳನ್ನು ತಡೆಯಲು ಹಲಗೆ ಬಂತು. ಅಂದರೆ ಹಲಗೆ ಹುಟ್ಟಿದ್ದೇ ಮನುಷ್ಯನ ಪಕ್ಷಪಾತಕ್ಕೆ ಅಡ್ಡ ನಿಲ್ಲಲು. ಇದನ್ನು ನಾನು ಕುಶಾಲಪ್ಪನಿಗೆ ಹೇಳಿದಾಗ ಅವನು ಬಹಳ ಹೊತ್ತು ನಕ್ಕ. ನೋಡುವವರ ಕೈಗೇನೋ ಹಲಗೆ ಆಯಿತು, ರೆಫರಿಯ ಬಾಯಿಗೆ ಎಂತ ಅಡ್ಡ ಇಡುತ್ತಾರೆ ಎಂದು ಕೇಳಿದ. ನಾನೂ ನಕ್ಕೆ. ಸೀಟಿ ಇದೆಯಲ್ಲ ಎಂದೆ.

ಈಗ ಆ ಪಂದ್ಯದ ಮಾತು ಹೇಳಬೇಕು. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಅದನ್ನು ಹೇಳಲು ಮನಸ್ಸಿಲ್ಲದ್ದರಿಂದಲೇ ಎಂದು ನಿಮಗೆ ತಿಳಿದಿರಬಹುದು.

ಈ ವರ್ಷದ ಏಪ್ರಿಲ್ ತಿಂಗಳು. ಹೊರಗೆ ಎಲ್ಲಿಯೋ ಆಡಲು ಕೊಡಗು ರಾಜ್ಯದ ಹೆಸರಿನಲ್ಲಿ ಒಂದು ತಂಡ ಹೋಗುವುದಿತ್ತು. ನಮ್ಮ ಪುಟ್ಟ ರಾಜ್ಯ ಮೈಸೂರಿಗೆ ಸೇರುವುದು ಹೆಚ್ಚುಕಡಿಮೆ ಖಚಿತವಾಗಿತ್ತು. ಆದ್ದರಿಂದ ಕೊಡಗು ಎಂಬ ಅಕ್ಷರವನ್ನು ಎದೆಯ ಮೇಲೆ ಹೊತ್ತು ಆಡಲು ಅದೇ ಕೊನೆಯ ಅವಕಾಶವೆಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಪಾಲಿಬೆಟ್ಟದವರಿಗೂ ಸೋಮವಾರಪೇಟೆಯವರಿಗೂ ಪಂದ್ಯ ನಡೆಯುವುದು, ಗೆದ್ದ ಪಕ್ಷದಿಂದ ಇಬ್ಬರನ್ನು ತಂಡಕ್ಕೆ ತೆಗೆದುಕೊಳ್ಳುವುದು ಎಂದು ತೀರ್ಮಾನವಾಯಿತು. ಆಯ್ಕೆ ಮಾಡಲು ಮಡಿಕೇರಿಯಿಂದ ಇಬ್ಬರು ಬರುವವರಿದ್ದರು. ನಮ್ಮ ಪಕ್ಷ ಗೆದ್ದರೆ ಆ ಇಬ್ಬರಲ್ಲಿ ಕುಶಾಲಪ್ಪ ಒಬ್ಬನೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅವನಿಗೆ ಆಗಲೇ ಮೂವತ್ತೆರಡು ವರ್ಷ. ಅವನು ಆಸೆಯನ್ನು ಬಚ್ಚಿಡುವವನೂ ಅಲ್ಲ. ಪಂದ್ಯಕ್ಕೆ ಹದಿನೈದು ದಿನ ಮುಂಚೆಯೇ ಸಂತೆಯಲ್ಲಿ ನೀಲಿ ಬಟ್ಟೆ ಕೊಂಡು ಹೆಂಡತಿಯ ಕೈಯಲ್ಲಿ ಅಂಗಿ ಹೊಲಿಸಿದ. ಎದೆಯ ಮೇಲಿನ ಅಕ್ಷರಗಳನ್ನು ಆಯ್ಕೆಯಾದ ಮೇಲೆ ಹಾಕಿಸುತ್ತೇನೆ, ಈಗಲೇ ಹಾಕಿಸಿದರೆ ಜಂಬವಾಗುತ್ತದೆ ಎಂದ.

ಪಂದ್ಯದ ದಿನ ಮಧ್ಯಾಹ್ನ ಹೂಮಳೆ ಬಂತು. ಕಾಫಿ ಗಿಡ ಹೂ ಬಿಡುವುದಕ್ಕೆ ಬೇಕಾದ ಆ ಬೇಸಿಗೆಯ ಮಳೆಯನ್ನು ಇಲ್ಲಿ ಯಾರೂ ಬೈಯುವಂತಿಲ್ಲ. ಒಂದು ಗಂಟೆ ಸುರಿದು ನಿಂತಿತು. ಕಣದ ಕೆಂಪು ಮಣ್ಣು ಮೆತ್ತಗಾಗಿ, ಚೆಂಡು ನೆಲಕ್ಕೆ ಬಡಿದಾಗಲೆಲ್ಲ ಕೆಸರು ಹತ್ತಿಸಿಕೊಂಡು ಏಳುತ್ತಿತ್ತು. ಹಲಗೆಗೆ ಎರಡು ದಿನದ ಕೆಳಗೆ ಆಚಾರಿ ಬಿಳಿ ಎಣ್ಣೆ ಬಣ್ಣ ಬಳಿದಿದ್ದ. ಎಸ್ಟೇಟ್ ಬಂಗಲೆಯ ಗೇಟಿಗೆ ತಂದದ್ದರಲ್ಲಿ ಉಳಿದದ್ದು. ಅದರ ಮೇಲೆ ಚೆಂಡು ತಾಗಿದಲ್ಲೆಲ್ಲ ಕೆಂಪು ಬೊಟ್ಟು. ಮಳೆ ನಿಂತ ಮೇಲಿನ ಹಬೆಯಲ್ಲಿ ನನ್ನ ಕನ್ನಡಕ ಮತ್ತೆ ಮತ್ತೆ ಮಂಜಾಗುತ್ತಿತ್ತು. ನಾನು ಓಡುತ್ತಲೇ ಪಂಚೆಯ ತುದಿಯಲ್ಲಿ ಅದನ್ನು ಒರೆಸಿಕೊಳ್ಳುತ್ತಿದ್ದೆ.

ಕೊನೆಯ ನಿಮಿಷದಲ್ಲಿ ನಮ್ಮವರು ಒಂದು ಪಾಯಿಂಟು ಹಿಂದೆ ಇದ್ದರು. ಚೆಂಡು ಕುಶಾಲಪ್ಪನ ಕೈಗೆ ಬಂತು. ಅವನು ಬಲಗಡೆಯಿಂದ, ಎದುರಿನವನ ಚಾಚಿದ ಕೈ ದಾಟಿಸಲು, ಬಹಳ ಎತ್ತರಕ್ಕೆ ಎಸೆದ. ಚೆಂಡು ಬಳೆಯನ್ನೂ ದಾಟಿ ಹಲಗೆಯ ತಲೆಯ ಮೇಲೆ ಇಳಿಯಿತು, ಪುಟಿದು ಮೇಲೆದ್ದಿತು, ಒಂದು ಕ್ಷಣ ತಡೆದು, ಮುಂದಕ್ಕೆ ಬಂದು ಬಲೆಯೊಳಗೆ ಬಿತ್ತು. ಜನ ಎದ್ದು ನಿಂತರು. ಅದು ಅಂಚಿಗೆ ತಾಗಿ ಬಂದಿದ್ದರೆ ಜೀವವಿದ್ದ ಚೆಂಡು, ಎರಡು ಪಾಯಿಂಟು, ನಾವು ಗೆದ್ದೆವು. ಕಂಬದ ತಲೆಗೆ ತಾಗಿ ಬಂದಿದ್ದರೆ ಸತ್ತ ಚೆಂಡು, ಸೋತೆವು.

ನಾನು ಸೀಟಿ ಊದಿದೆ. ಕೈಯನ್ನು ಅಡ್ಡ ಆಡಿಸಿ, ಕಂಬ ಎಂದೆ.

ನಿಜ ಹೇಳುತ್ತೇನೆ. ನಾನು ನೋಡಿರಲಿಲ್ಲ. ಕನ್ನಡಕ ಮಂಜಾಗಿತ್ತು, ನನಗೆ ಕಂಡದ್ದು ಬಿಳಿಯ ಮೇಲೆ ಏನೋ ಕಂದು ಬಣ್ಣ ಕುಣಿದದ್ದಷ್ಟೇ. ಮೊದಲು ಸೀಟಿ ಊದಿದೆ, ಕಾರಣ ಆಮೇಲೆ ಹುಡುಕಿದೆ. ಏಕೆ ಕಂಬವೆಂದೆ ಎಂದು ಕೇಳಿದರೆ ಅದಕ್ಕೂ ಒಂದು ನಾಚಿಕೆಗೇಡಿನ ಉತ್ತರವಿದೆ. ಮಡಿಕೇರಿಯವರು ಕುರ್ಚಿ ಹಾಕಿ ಕುಳಿತಿದ್ದರು. ಕುಶಾಲಪ್ಪ ನನ್ನ ಗೆಳೆಯನೆಂದು ಸೋಮವಾರಪೇಟೆಯವರಿಗೆ ಗೊತ್ತಿತ್ತು. ಗೆಳೆಯನಿಗೆ ಪಂದ್ಯ ಕೊಟ್ಟ ಎಂಬ ಮಾತು ಬರಬಾರದೆಂದು ನನ್ನ ಒಳಗಿನ ಯಾವುದೋ ಹೇಡಿ ನನಗಿಂತ ಮುಂಚೆ ತೀರ್ಪು ಕೊಟ್ಟುಬಿಟ್ಟಿದ್ದ. ಪಕ್ಷಪಾತವೆಂದರೆ ತಮ್ಮವರ ಕಡೆ ವಾಲುವುದು ಮಾತ್ರವೆಂದು ಅಲ್ಲಿಯವರೆಗೆ ನಾನು ತಿಳಿದಿದ್ದೆ.

ನಮ್ಮ ಹುಡುಗರು ಸುಮ್ಮನಿರಲಿಲ್ಲ. ಅಂಚಿಗೆ ತಾಗಿದ್ದು ಮಾಸ್ಟ್ರೇ, ನಾವು ನೋಡಿದ್ದೇವೆ ಎಂದು ಸುತ್ತುಗಟ್ಟಿದರು. ಕುಶಾಲಪ್ಪ ನಡುವೆ ಬಂದ. ಅವನ ಮುಖ ನನಗೆ ಇನ್ನೂ ನೆನಪಿದೆ, ಅದರಲ್ಲಿ ಕೋಪ ಇರಲಿಲ್ಲ, ಏನೋ ಕೇಳಬೇಕೆಂದು ಬಂದು ಮರೆತವನ ಹಾಗಿತ್ತು. "ಮಾಸ್ಟ್ರು ಹೇಳಿ ಆತು. ಅವರು ಹತ್ರ ಇದ್ರು, ನಾವು ದೂರ ಇದ್ವಿ. ಇನ್ನು ಮಾತು ಬೇಡ" ಎಂದು ಹುಡುಗರ ಹೆಗಲ ಮೇಲೆ ಕೈಹಾಕಿ ಕರೆದುಕೊಂಡು ಹೋದ. ಅವರಲ್ಲೊಬ್ಬ ಹೋಗುತ್ತ, ನಾಳೆ ಬೆಳಗ್ಗೆ ಏಣಿ ಹಾಕಿ ನೋಡಿಯೇ ಬಿಡೋಣ, ಗುರುತು ಇದ್ದೇ ಇರ್ತದೆ ಎಂದದ್ದು ನನ್ನ ಕಿವಿಗೂ ಬಿತ್ತು.

ಎಲ್ಲರೂ ಹೋದ ಮೇಲೆ ನಾನೊಬ್ಬನೇ ಉಳಿದೆ. ಬಲೆ ಶಾಲೆಯದು, ಪ್ರತಿ ಪಂದ್ಯದ ನಂತರ ಅದನ್ನು ಬಿಚ್ಚಿ ಮನೆಗೆ ಒಯ್ಯುವುದು ನನ್ನ ಕೆಲಸ. ಏಣಿ ಒರಗಿಸಿ ಹತ್ತಿದೆ. ಬಲೆ ಬಿಚ್ಚಲು ಬೇಕಾದದ್ದಕ್ಕಿಂತ ನಾಲ್ಕು ಮೆಟ್ಟಿಲು ಹೆಚ್ಚು ಹತ್ತಿದೆ. ಕನ್ನಡಕ ಒರೆಸಿ ನೋಡಿದೆ. ಎರಡು ಕಂಬಗಳ ತಲೆಯೂ ಶುದ್ಧವಾಗಿತ್ತು. ಹಲಗೆಯ ಬಿಳಿಯ ಮೇಲಂಚಿನ ಮೇಲೆ, ಸರಿಯಾಗಿ ನಡುವೆ, ಒಂದೇ ಒಂದು ಕೆಂಪು ಗುರುತು ಇತ್ತು. ಚೆಂಡಿನ ಹೊಲಿಗೆಯ ಗೆರೆ ಕೂಡ ಅದರಲ್ಲಿ ಮೂಡಿತ್ತು.

ನಾನು ಕರವಸ್ತ್ರ ತೆಗೆದೆ. ಒಂದು ಸಲ ಒರೆಸಿದರೆ ಸಾಕಿತ್ತು, ಮಣ್ಣು ಇನ್ನೂ ಹಸಿ. ಕೈ ಎತ್ತಿದವನು ಹಾಗೆಯೇ ಬಹಳ ಹೊತ್ತು ಏಣಿಯ ಮೇಲೆ ನಿಂತಿದ್ದೆ. ಒರೆಸಲು ಧೈರ್ಯ ಬರಲಿಲ್ಲ, ಹಾಗೆಂದು ಹೋಗಿ ಹೇಳಲೂ ಧೈರ್ಯ ಬರಲಿಲ್ಲ. ನಾಳೆ ಹುಡುಗರು ಹೇಗೂ ನೋಡುತ್ತಾರೆ, ಆಗ ಒಪ್ಪಿಕೊಂಡರಾಯಿತು ಎಂದು ಸಮಾಧಾನ ಹೇಳಿಕೊಂಡು ಇಳಿದೆ. ಮಡಿಕೇರಿಯವರ ಕಾರು ಅಷ್ಟರಲ್ಲಿ ಪೇಟೆಯ ಹೋಟೆಲಿನ ಮುಂದೆ ನಿಂತಿತ್ತು. ನಾನು ಅದರ ಪಕ್ಕದಲ್ಲೇ ಬಲೆ ಹಿಡಿದುಕೊಂಡು ನಡೆದು ಮನೆಗೆ ಬಂದೆ.

ಮಾರನೆಯ ದಿನ ನನಗೆ ಹೊಟ್ಟೆನೋವು. ಅದರ ಮಾರನೆಯ ದಿನವೂ ಹೊಟ್ಟೆನೋವು. ಇಂಥ ಹೊಟ್ಟೆನೋವು ಪರೀಕ್ಷೆಯ ದಿನ ನನ್ನ ವಿದ್ಯಾರ್ಥಿಗಳಿಗೂ ಬರುತ್ತದೆ, ಅವರಿಗೆ ನಾನು ಬೆತ್ತ ತೋರಿಸುತ್ತೇನೆ. ಮೂರನೆಯ ದಿನ ಹೊರಗೆ ಬಂದಾಗ ಏಣಿಯ ಮಾತೇ ಇರಲಿಲ್ಲ. ಕುಶಾಲಪ್ಪ ಹತ್ತಬೇಡಿ ಎಂದನಂತೆ, ಯಾರೂ ಹತ್ತಲಿಲ್ಲವಂತೆ. ಅವನಿಗೆ ನನ್ನ ಮೇಲೆ ಅಷ್ಟು ನಂಬಿಕೆ ಎಂದುಕೊಂಡೆ. ಎದೆ ಹಗುರವಾಯಿತು. ಆ ಹಗುರವಾದದ್ದನ್ನು ನೆನೆದರೆ ಈಗ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ. ಸೋಮವಾರಪೇಟೆಯ ಇಬ್ಬರು ತಂಡದಲ್ಲಿ ಹೋದರು. ತಂಡ ಮೊದಲ ಪಂದ್ಯದಲ್ಲೇ ಸೋತು ಬಂತು.

ಆಮೇಲೆ ಮಳೆಗಾಲದವರೆಗೂ ಪ್ರತಿ ಭಾನುವಾರ ಸಂಜೆ ಕುಶಾಲಪ್ಪ ನನ್ನನ್ನು ಕಣಕ್ಕೆ ಕರೆಯುತ್ತಿದ್ದ. ನಾವಿಬ್ಬರೇ. ನಾನು ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆ, ಅವನು ಬಲಗಡೆ ಅದೇ ಜಾಗದಲ್ಲಿ ನಿಂತು, ಅಷ್ಟೇ ಎತ್ತರಕ್ಕೆ, ಹಲಗೆಯ ತಲೆಗೆ ಚೆಂಡು ಎಸೆಯುತ್ತಿದ್ದ. ಹತ್ತರಲ್ಲಿ ಒಂದು ಅಂಚಿಗೆ ತಾಗುತ್ತಿತ್ತು. ತಾಗಿದಾಗ ತಿರುಗಿ, "ಮಾಸ್ಟ್ರೇ, ಇದಕ್ಕೆ ಜೀವ ಉಟ್ಟಾ, ಇಲ್ಲೆಯಾ?" ಎಂದು ಕೇಳುತ್ತಿದ್ದ.

"ಉಟ್ಟು" ಎನ್ನುತ್ತಿದ್ದೆ.

"ಸರಿ" ಎಂದು ಸ್ವಲ್ಪ ಹೊತ್ತು ನನ್ನ ಕಡೆಗೇ ನೋಡಿ, ನಾನು ಇನ್ನೇನೂ ಹೇಳದಿರಲು, ಮತ್ತೆ ಚೆಂಡು ಎತ್ತಿಕೊಳ್ಳುತ್ತಿದ್ದ. ಮೂವತ್ತೆರಡು ವರ್ಷದ ಮನುಷ್ಯ ನಿಯಮ ಕಲಿಯಲು ಇಷ್ಟು ಶ್ರದ್ಧೆಯಿಂದ ಕೂತನಲ್ಲ ಎಂದು ಒಳಗೊಳಗೇ ಮೆಚ್ಚಿಕೊಂಡೆ. ನಾನು ಹುಟ್ಟು ಮಾಸ್ತರ. ಯಾರಾದರೂ ಪ್ರಶ್ನೆ ಕೇಳಿದರೆ ಅವರಿಗೆ ಉತ್ತರ ಗೊತ್ತಿಲ್ಲವೆಂದೇ ತಿಳಿಯುವುದು ನಮ್ಮ ವೃತ್ತಿಯ ರೋಗ.

ಕಕ್ಕಡದ, ಅಂದರೆ ಆಷಾಢದ, ಮಳೆ ಹಿಡಿದಾಗ ಅವನಿಗೆ ಜ್ವರ ಬಂತು. ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆ ಕಡಿಸುವ ಕೆಲಸದಲ್ಲಿ ನಾಲ್ಕು ದಿನ ಒದ್ದೆಯಲ್ಲೇ ನಿಂತಿದ್ದನಂತೆ, ಶೀತ ಎದೆಗೆ ಇಳಿಯಿತು. ಸುದ್ದಿ ತಿಳಿದು ನಾನು ಕೊಡೆ ಹಿಡಿದು ಎಸ್ಟೇಟಿನ ಅವನ ಮನೆಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಕುಶಾಲಪ್ಪ, ಅದು ಅಂಚಿಗೆ ತಾಗಿತ್ತು, ನಾನು ಆ ಸಂಜೆಯೇ ನೋಡಿದೆ, ಇಷ್ಟೇ. ನಾಲ್ಕನೆಯ ತರಗತಿಯ ಹುಡುಗನೂ ಒಂದೇ ಉಸಿರಿನಲ್ಲಿ ಹೇಳುವಷ್ಟು ಚಿಕ್ಕ ಪಾಠ.

ಅವನು ನೀಲಿ ಅಂಗಿ ತೊಟ್ಟು ಮಲಗಿದ್ದ. ಎದೆಯ ಮೇಲೆ ಅಕ್ಷರಗಳಿರಲಿಲ್ಲ. ಅವನ ಹೆಂಡತಿ ಬೆಲ್ಲದ ಕಾಫಿ ತಂದುಕೊಟ್ಟು, ಬೆಚ್ಚಗಿರುತ್ತದೆಂದು ಅದನ್ನೇ ಹಾಕಿದ್ದೇನೆ, ಹೊಸ ಬಟ್ಟೆ ಅಲ್ವಾ ಎಂದಳು. ನಾನು ಕಾಫಿ ಕುಡಿದೆ. ಈ ಸಲ ಮಳೆ ಜೋರು ಎಂದೆ. ಶಾಲೆಯ ಹೆಂಚು ಸೋರುತ್ತದೆ ಎಂದೆ. ಅವನು ಮಂದಹಾಸದಿಂದ ಎಲ್ಲವನ್ನೂ ಕೇಳಿದ. ಹೊರಡುವಾಗ, "ಮಾಸ್ಟ್ರೇ, ಬೇರೆ ಎಂತಾದ್ರೂ ಉಟ್ಟಾ?" ಎಂದ.

"ಇಲ್ಲೆ" ಎಂದೆ. ಅವನ ಭಾಷೆಯಲ್ಲಿ ನಾನು ಅವನಿಗೆ ಹೇಳಿದ ಕೊನೆಯ ಮಾತು ಅದು. ಐದು ದಿನದ ಮೇಲೆ ಅವನು ತೀರಿಕೊಂಡ. ಮಳೆಯಲ್ಲಿ ಹೆಣ ಹೊತ್ತವರ ಹಿಂದೆ ನಾನೂ ನಡೆದೆ. ಕನ್ನಡಕ ಮಂಜಾಗಿತ್ತು, ಅಂದು ಅದನ್ನು ಒರೆಸಿಕೊಳ್ಳಲಿಲ್ಲ.

ಎರಡು ವಾರದ ಕೆಳಗೆ ಗೋವಿಂದ ಆಚಾರಿ ಬಂದ. ಮಳೆ ಮುಗಿದ ಮೇಲೆ ಹಲಗೆಯ ಮೊಳೆ, ತಿರುಪು ನೋಡಿ ಸರಿಮಾಡುವುದು, ಪಿಕಿಂಗಿಗೆ ಮುಂಚೆ ಬಳೆ ಯಾವಾಗ ಇಳಿಸಬೇಕೆಂದು ಕೇಳಿಕೊಂಡು ಹೋಗುವುದು ಅವನ ಪದ್ಧತಿ. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋದೆ. ಅವನು ಏಣಿಯ ಮೇಲೆ ನಿಂತು ಯಾರಿಗೋ ಬೈಯುತ್ತಿದ್ದ. ಮೇಲಂಚಿನ ಬಣ್ಣ ಒಂದು ಕಡೆ ಮಾತ್ರ ಗುಳ್ಳೆಯೆದ್ದು ಸಿಪ್ಪೆಯ ಹಾಗೆ ಬಿಟ್ಟುಕೊಂಡಿದೆಯಂತೆ. ಬೇರೆಯವರಾದರೆ ಅದನ್ನು ಮಳೆಯ ತಲೆಗೆ ಕಟ್ಟುತ್ತಿದ್ದರು. ಆಚಾರಿಗೆ ಕೆಲಸದ ಮೇಲೆ ಅಭಿಮಾನ.

"ಮಣ್ಣಿನ ಮೇಲೆ ಬಣ್ಣ ಹೊಡೆದ್ರೆ ನಿಲ್ತದಾ ಸಾರ್?" ಎಂದು ಮೇಲಿನಿಂದಲೇ ಕೇಳಿದ. "ಪಾಪ, ಇಲ್ಲದವರ ಬಗ್ಗೆ ಹೇಳಬಾರದು. ಬಂಗಲೆ ಕೆಲಸಕ್ಕೆ ನಾನು ಆಗ ಇಲ್ಲೇ ಉಳಿದಿದ್ದೆ. ಮ್ಯಾಚಾದ ಮಾರನೇ ದಿನ ಬೆಳಕು ಹರಿಯೋ ಹೊತ್ತಿಗೆ ರೈಟರ್ ಬಂದು ನನ್ನ ಬ್ರಷ್ಷು, ಡಬ್ಬ ತಗೊಂಡು ಹತ್ತಿದ್ರು. ಇಲ್ಲಿ ಚೆಂಡಿನ ಮಣ್ಣು ಇತ್ತು. ನಾನು ಹೇಳಿದೆ, ಮೊದಲು ಒರೆಸಿ ಅಂತ. ಒರೆಸೋದು ಬೇಡ ಆಚಾರಿ, ಮುಚ್ಚಿದ್ರೆ ಸಾಕು ಅಂದ್ರು. ಆಮೇಲೆ ಹುಡುಗರು ಬಂದ್ರೆ, ಬಣ್ಣ ಹಸಿ ಉಟ್ಟು ಹತ್ತಬೇಡಿ ಅಂದ್ರು."

ನಾನು ಆಚಾರಿಯನ್ನು ಇಳಿಯಲು ಹೇಳಿ ಏಣಿ ಹತ್ತಿದೆ. ಅವನು ಕೆಳಗೆ ಏಣಿಯನ್ನು ಹಿಡಿದುಕೊಂಡ. ಸಿಪ್ಪೆಯೆದ್ದ ಬಣ್ಣವನ್ನು ಉಗುರಿನಿಂದ ಎಬ್ಬಿಸಿದೆ. ಅಡಿಯಲ್ಲಿ ಕೆಂಪು ಮಣ್ಣು ಹಾಗೆಯೇ ಇತ್ತು, ಹೊಲಿಗೆಯ ಗೆರೆ ಸಮೇತ. ಒಂದು ಮಳೆಗಾಲ ಪೂರ್ತಿ ಅದರ ಮೇಲೆ ಸುರಿದಿತ್ತು.

ನಾನು ಏಣಿಯ ಮೇಲೆಯೇ ಅತ್ತೆ. ಆಚಾರಿ ಕಣ್ಣಿಗೆ ಬಣ್ಣದ ಪುಡಿ ಬಿತ್ತಾ ಸಾರ್ ಎಂದು ಕೇಳಿದ. ಹೌದು ಎಂದೆ. ನೋಡಿ, ಆಗಲೂ ಸುಳ್ಳು.

ಕುಶಾಲಪ್ಪನಿಗೆ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ತನ್ನ ಕೈಯಾರೆ ಗೆದ್ದ ಪಂದ್ಯದ ಗುರುತನ್ನು ನನ್ನ ಮರ್ಯಾದೆಗಾಗಿ ಮುಚ್ಚಿದ. ಒರೆಸಲು ಮಾತ್ರ ಒಪ್ಪಲಿಲ್ಲ. ಅದು ನನ್ನ ಕೆಲಸವೆಂದು ನನಗಾಗಿ ಉಳಿಸಿದ. ಆಮೇಲೆ ಪ್ರತಿ ಭಾನುವಾರ ನನ್ನನ್ನು ಕರೆದು, ಅದೇ ಜಾಗಕ್ಕೆ ಚೆಂಡು ಎಸೆದು, ಅದೇ ಪ್ರಶ್ನೆ ಕೇಳಿದ. ಬಾಗಿಲು ತೆರೆದಿಟ್ಟು ಇಷ್ಟು ದಿನ ಕಾದ ಮನುಷ್ಯನಿಗೆ ನಾನು ನಿಯಮದ ಪಾಠ ಹೇಳುತ್ತ ಕುಳಿತಿದ್ದೆ. ಅವನಿಗೆ ಬೇಕಾಗಿದ್ದದ್ದು ಪಾಯಿಂಟಲ್ಲ, ತಂಡವಲ್ಲ, ತಂಡ ಅಷ್ಟರಲ್ಲಿ ಹೋಗಿ ಸೋತೂ ಬಂದಿತ್ತು. ಗೆಳೆಯನಿಂದ ಒಂದು ಮಾತು ಬೇಕಾಗಿತ್ತು. ಅದನ್ನು ಕೊಡದೆ ನಾನು ಅವನನ್ನು ಕಳಿಸಿದೆ.

ನಮ್ಮ ಕುಶಾಲನಗರದ ಮನೆಯಲ್ಲಿ ಹೊಸ್ತಿಲ ಮೇಲೆ ನಿಲ್ಲಬೇಡ ಎಂದು ಅಜ್ಜಿ ಗದರಿಸುತ್ತಿದ್ದಳು. ಒಳಗಾದರೂ ಬಾ, ಹೊರಗಾದರೂ ಹೋಗು. ನಿಯಮದ ಪುಸ್ತಕ ಅಂಚಿಗೆ ಜೀವ ಇದೆ ಎಂದಾಗ ನನಗೆ ಅಜ್ಜಿಯ ಹೊಸ್ತಿಲು ನೆನಪಾಗಿ, ಇದೆಂಥ ವಿಚಿತ್ರ ಎನಿಸಿತ್ತು. ಮೂರು ತಿಂಗಳು ನಾನು ನಿಂತದ್ದು ಅಲ್ಲಿಯೇ, ಆ ಅಂಗೈಯಗಲದ ಅಂಚಿನ ಮೇಲೆ. ಹೇಳಲೂ ಇಲ್ಲ, ಒರೆಸಲೂ ಇಲ್ಲ. ಅವನು ಇರುವವರೆಗೆ ನನ್ನ ಮಾತಿಗೂ ಜೀವವಿತ್ತು ಎಂಬುದು ಈಗ ತಿಳಿಯುತ್ತಿದೆ. ಪಂದ್ಯದ ಕಾಗದಕ್ಕೆ ರೆಫರಿ ಸಹಿ ಹಾಕಿದ ಮೇಲೆ ತೀರ್ಪು ಬದಲಾಗುವುದಿಲ್ಲವೆಂದು ಪುಸ್ತಕದಲ್ಲಿದೆ. ಸಹಿ ನನ್ನದೇ. ಕಾಗದ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ.

ಮೊನ್ನೆ ಭಾನುವಾರ ಈ ವರ್ಷದ ಕೊನೆಯ ಆಟ. ಇನ್ನು ಬಳೆ ಇಳಿಯುತ್ತದೆ, ಕಣಕ್ಕೆ ಕಾಫಿ ಬರುತ್ತದೆ. ಈ ತಿಂಗಳು ಕಳೆದರೆ ನಮ್ಮ ರಾಜ್ಯವೂ ಇರುವುದಿಲ್ಲ. ಮುಂದಿನ ಬೇಸಿಗೆಗೆ ಬಳೆ ಏರುವಾಗ ನಾವೆಲ್ಲ ಮೈಸೂರಿನವರು. ಸೀಟಿ ಊದಲು ನನಗೆ ಮನಸ್ಸಿರಲಿಲ್ಲ, ಹುಡುಗರು ಬಿಡಲಿಲ್ಲ. ಆಟ ಅರ್ಧವಾಗುವ ಹೊತ್ತಿಗೆ ಇಬ್ಬರು ಒಂದೇ ಚೆಂಡಿಗೆ ನೆಗೆದರು, ಚೆಂಡು ಯಾರದೋ ಕೈಗೆ ತಾಗಿ ಹಲಗೆಯ ಆಚೆಗೆ ಹೋಯಿತು. ನಾನು ಸೀಟಿ ಊದಿದೆ. ಎರಡು ಪಕ್ಷದವರೂ ತಿರುಗಿ ನನ್ನ ಮುಖ ನೋಡಿದರು. ಅಭ್ಯಾಸಬಲದಿಂದ ಕೈ ಒಂದು ಕಡೆಗೆ ಎದ್ದಿತ್ತು, ಅದನ್ನು ಕೆಳಗಿಳಿಸಿದೆ.

"ನಾನು ನೋಡಲಿಲ್ಲ" ಎಂದೆ.

ಮಾಸ್ತರರ ಬಾಯಲ್ಲಿ ಈ ಮಾತು ಯಾರೂ ಕೇಳಿರಲಿಲ್ಲ. ಆಮೇಲೆ ಯಾರೋ ನಕ್ಕರು, ಎಲ್ಲರೂ ನಕ್ಕರು, ಆಕಾಶವೇನೂ ಕಳಚಿ ಬೀಳಲಿಲ್ಲ. ಏಪ್ರಿಲ್ ತಿಂಗಳಲ್ಲಿ ಈ ಎರಡೇ ಮಾತು ಆಡಿದ್ದರೆ ಆಗುತ್ತಿದ್ದದ್ದೂ ಇಷ್ಟೇ. ಪುಟದ ಕೆಳಗಿನ ಆ ಸಾಲನ್ನು ನೆನೆದು ಇಬ್ಬರನ್ನೂ ಎದುರುಬದುರು ನಿಲ್ಲಿಸಿದೆ. ಚೆಂಡನ್ನು ಎರಡು ಕೈಯಲ್ಲಿ ಹಿಡಿದು ಮೇಲಕ್ಕೆ ನೋಡಿದೆ. ಹಲಗೆಯ ತಲೆಯ ಮೇಲೆ ನಾನು ಉಗುರಿನಿಂದ ಬಣ್ಣ ಎಬ್ಬಿಸಿದ ಜಾಗ ಕೆಳಗಿನಿಂದ ಕಾಣುವುದಿಲ್ಲ. ಅಲ್ಲಿ ಮತ್ತೆ ಬಣ್ಣ ಹೊಡೆಯಬೇಡವೆಂದು ಆಚಾರಿಗೆ ಹೇಳಿದ್ದೇನೆ.